ಏಳೆಂಟ್ಲೆ ಎಷ್ಟು?

ಏಳೆಂಟ್ಲೆ ಎಷ್ಟು? ಥಟ್ಟನೆ ಹೇಳಿ.

ಹೇಳಿದಿರಾ? ಸ್ವಲ್ಪ ತಡವರಿಸಿದಿರಾ? ಪರವಾಗಿಲ್ಲ. ನೀವು ಕುರ್ಚಿಯ ಮೇಲೋ ಚಾಪೆಯ ಮೇಲೋ ಕುಳಿತು ಪತ್ರಿಕೆ ಓದುತ್ತಿದ್ದೀರಿ. ನಿಮ್ಮ ಬೆನ್ನ ಹಿಂದೆ ಗೋಡೆ ಇದೆ. ಬಾವಿ ಇಲ್ಲ.

ಎರಡು ಶುಕ್ರವಾರದ ಹಿಂದೆ ನಾರಾಯಣಪುರದ ಒಂದು ತೋಟದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಇದೇ ಪ್ರಶ್ನೆಗೆ ತಡವರಿಸಿದಳು. ಅಷ್ಟಕ್ಕೇ ಒಬ್ಬ ಕಾಲೇಜು ಹುಡುಗ ಬಾವಿಗೆ ಬಿದ್ದ. ಜೋಡಿ ಎತ್ತುಗಳು ಅವನ ಹಿಂದೆಯೇ ಹೊರಟಿದ್ದವು. ಬಿದ್ದವನು ನನ್ನ ಅಕ್ಕನ ಮಗ ವೈಜಿನಾಥ. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಿಂತವನು ನಾನು.

ಮೊದಲಿನಿಂದ ಹೇಳುತ್ತೇನೆ. (ವಕೀಲನಿಗೆ ಬೇರೆ ರೀತಿ ಹೇಳಲು ಬರುವುದೂ ಇಲ್ಲ.)

ನಮ್ಮ ವೈಜಿನಾಥ ಹೈದರಾಬಾದಿನಲ್ಲಿ ಇಂಟರ್ ಓದುತ್ತಾನೆ. ಕಾಲೇಜಿನ ಹುಡುಗರೆಲ್ಲ ಸೇರಿ ಈ ಸಲ ಒಂದು ಶಪಥ ಮಾಡಿದ್ದರಂತೆ. ಬೇಸಿಗೆ ರಜೆಗೆ ಊರ ಕಡೆ ಹೋದವರು ಒಬ್ಬೊಬ್ಬರೂ ಐದೈದು ಮಕ್ಕಳಿಗೆ ಓದು, ಬರಹ, ಲೆಕ್ಕ ಕಲಿಸಿಯೇ ವಾಪಸು ಬರಬೇಕು. ವೈಜಿನಾಥ ಹುಮನಾಬಾದಿನಲ್ಲಿ ನಮ್ಮ ಮನೆಯಲ್ಲಿ ಎರಡು ದಿನವೂ ನಿಲ್ಲಲಿಲ್ಲ. ಕಲ್ಯಾಣದಲ್ಲಿ ಅವನ ಗೆಳೆಯ ಹಬೀಬನ ಮನೆ ಇದೆ. ಇಬ್ಬರೂ ಒಂದೇ ಸೈಕಲ್ಲಿನ ಮೇಲೆ ದಿನಾ ಬೆಳಿಗ್ಗೆ ನಾರಾಯಣಪುರಕ್ಕೆ ಹೋಗತೊಡಗಿದರು. ಹೋಗುವಾಗ ಒಬ್ಬ ತುಳಿಯಬೇಕು, ಬರುವಾಗ ಇನ್ನೊಬ್ಬ. ಹೋಗುವಾಗ ಏರು ಹೆಚ್ಚೋ, ಬರುವಾಗ ಹೆಚ್ಚೋ ಎಂಬ ಜಗಳ ಇನ್ನೂ ಬಗೆಹರಿದಿಲ್ಲ.

ಒಂಬತ್ತು ಮಕ್ಕಳು ಸುಲಭವಾಗಿ ಸಿಕ್ಕರು. ಹಳೆಯ ಶಿವನ ಗುಡಿಯ ಕಲ್ಲು ಕಂಬಗಳ ನೆರಳಿನಲ್ಲಿ ಕೂತರು. ಹತ್ತನೆಯದು ಗುಂಡಮ್ಮ. ಅವಳು ಬರಲಿಲ್ಲ.

ಬರುವ ಹಾಗಿರಲಿಲ್ಲ. ಅವಳ ಅಪ್ಪ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ. ತಾಯಿಯಿಲ್ಲ. ಅಜ್ಜ ಕಾಶಪ್ಪನಿಗೆ ಒಂದು ಮೊಣಕಾಲು ಮಡಚುವುದಿಲ್ಲ. ಹೀಗಾಗಿ ಎತ್ತು ಹೂಡಿ ತೋಟದ ಬಾವಿಯಿಂದ ನೀರೆತ್ತುವ ಮೊಟ್ಟಿ ಹೊಡೆಯುವವಳು ಇವಳೇ. ಹೊತ್ತು ಮೂಡುವುದಕ್ಕೆ ಮೊದಲು ಹೂಡಿದರೆ ಬಿಸಿಲು ನೆತ್ತಿಗೆ ಬರುವತನಕ. ಆಮೇಲೆ ಮೇವು ತರುವವಳೂ ಇವಳೇ.

ಸಂಜೆ ಕಲಿಸಬಹುದಿತ್ತಲ್ಲ ಅಂದಿರಾ? ದೀಪ ಎಲ್ಲಿದೆ? ಈ ಜಗತ್ತಿನ ದೊಡ್ಡ ಲಡಾಯಿ ಶುರುವಾದಾಗಿನಿಂದ ಸೀಮೆಎಣ್ಣೆ ಕಣ್ಣಿಗೆ ಬೀಳುವುದೇ ಅಪರೂಪ.

ಆದರೆ ಕಲಿಯುವ ಹಸಿವು ಆ ಹತ್ತು ಮಕ್ಕಳಲ್ಲಿ ಇವಳಿಗೇ ಹೆಚ್ಚು. ಕಾರಣ, ಒಂದು ಪೋಸ್ಟ್ ಕಾರ್ಡು. ಅಪ್ಪ ಸೊಲ್ಲಾಪುರದಿಂದ ಕಾರ್ಡು ಬರೆಸಿ ಹಾಕುತ್ತಾನೆ. ಊರಲ್ಲಿ ಓದಬಲ್ಲವನು ಒಬ್ಬನೇ. ಅವನು ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತಾನೆ. ಇವಳ ಅಪ್ಪ ಇವಳಿಗೆ ಬರೆದದ್ದನ್ನು ಊರೆಲ್ಲ ಇವಳಿಗಿಂತ ಮೊದಲು ಕೇಳಿ ನಗುತ್ತದೆ. ಈ ಸಲದ ಕಾರ್ಡನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ. ತಗಡಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಳು. ನಾನೇ ಓದುತ್ತೇನೆ ಎಂದು ಹಟ.

ಹಾಗಾದರೆ ಸಾಲೆಯೇ ಅವಳ ಬಳಿಗೆ ಹೋಗಲಿ, ಎಂದ ನಮ್ಮ ವೈಜಿನಾಥ.

ಮೊಟ್ಟಿ ನೋಡದವರಿಗೆ ಒಂದು ಮಾತು. ಬಾವಿಯ ದಂಡೆಯಿಂದ ಹೊಲದ ಕಡೆಗೆ ಒಂದು ಇಳಿಜಾರು. ಎತ್ತಿನ ನೊಗಕ್ಕೆ ಕಟ್ಟಿದ ದಪ್ಪ ಹಗ್ಗ ಬಾವಿಯ ಮೇಲಿನ ಗಾಲಿಯ ಮೇಲೆ ಹಾಯ್ದು ಕೆಳಗಿಳಿಯುತ್ತದೆ. ಅದರ ತುದಿಗೆ ಚರ್ಮದ ದೊಡ್ಡ ಚೀಲ, ಅದೇ ಮೊಟ್ಟಿ. ಎತ್ತು ಇಳಿಜಾರಿನಲ್ಲಿ ಮುಂದೆ ನಡೆದರೆ ಚೀಲ ತುಂಬಿ ಮೇಲೆ ಬರುತ್ತದೆ, ಕಾಲುವೆಗೆ ನೀರು ಸುರಿಯುತ್ತದೆ. ಆಮೇಲೆ ಎತ್ತು ಹಿಂದೆ ತಿರುಗುವುದಿಲ್ಲ. ಹಿಂದು ಹಿಂದಕ್ಕೇ ನಡೆಯುತ್ತ ಬಾವಿಯ ದಂಡೆಗೆ ಬರುತ್ತದೆ. ಚೀಲ ಮತ್ತೆ ನೀರಿಗಿಳಿಯುತ್ತದೆ. ದಿನಕ್ಕೆ ನೂರಾರು ಸಲ ಇದೇ.

ಕಾಶಪ್ಪ ಒಂದು ಕರಾರು ಹಾಕಿದ. ನೀರು ನಿಲ್ಲಬಾರದು. ನೀರು ನಿಂತ ದಿನ ಸಾಲೆಯೂ ನಿಂತಂತೆ.

ವೈಜಿನಾಥ ಒಪ್ಪಿದ. ಮೊಟ್ಟಿ ಒಂದು ಸಲ ಬಂದಾಗ ಕಾಲುವೆಯ ಕಲ್ಲಿನ ಮೇಲೆ ಇದ್ದಿಲಿನಿಂದ ಒಂದು ಅಕ್ಷರ. ಮುಂದಿನ ಸಲ ಬರುವಷ್ಟರಲ್ಲಿ ನೀರು ಅದನ್ನು ಅಳಿಸಿರುತ್ತದೆ. ಗುಂಡಮ್ಮ ಅದನ್ನೇ ಮತ್ತೆ ಬರೆಯಬೇಕು. ಎತ್ತಿನ ಜೊತೆ ನಡೆಯುವಾಗ ಮಗ್ಗಿ. ಊರಿನ ಪಾಟೀಲರು ಬಂದು, ಸ್ವಂತದ ಖಾನಗಿ ಸಾಲೆ ತೆರೆಯಲು ಕಚೇರಿಯ ಇಜಾಜತ್ ಬೇಕಲ್ಲ, ಅಪ್ಪಣೆ ಇದೆಯೇನು ಎಂದು ಕೇಳಿದರಂತೆ. ಹಬೀಬ ಕೈ ಮುಗಿದು, “ಎತ್ತಿನ ಹಿಂದ ನಡಕೋತ ಲೆಕ್ಕ ಹೇಳಿದ್ರ ಅದಕ್ಕ ಮದರಸಾ ಅಂತಾರೇನ್ರಿ, ಪಾಟೀಲ್ರ? ಹಂಗಂದ್ರ ಎತ್ತಿನ ಹೆಸರೂ ಹಾಜರಿಯೊಳಗ ಬರೀಬೇಕಾಗ್ತದರಿ” ಎಂದನಂತೆ. ಪಾಟೀಲರು ನಕ್ಕು ಹೋದರು.

ಒಂದೇ ಒಂದು ತೊಡಕಿತ್ತು. ಗುಂಡಮ್ಮ ಮೊಟ್ಟಿ ಹೊಡೆಯುವಾಗ ಹಾಡುತ್ತಿದ್ದಳು. ಅಲ್ಲಿ ಎಲ್ಲರೂ ಹಾಡುತ್ತಾರೆ. ಹಾಡುವ ಬಾಯಿಗೆ ಮಗ್ಗಿ ಹೇಗೆ ಬರಬೇಕು?

ವೈಜಿನಾಥ ಜಾಣ. ಹಾಡನ್ನು ತೆಗೆದುಹಾಕಿ, ಅದರ ಧಾಟಿ ಇಟ್ಟುಕೊಂಡ. ಇಳಿಯುವಾಗ ಒಂದು ಮಗ್ಗಿ, ಹಿಂದೆ ಬರುವಾಗ ಮುಂದಿನ ಮಗ್ಗಿ. ಹಾಡಿನ ಕೊನೆಯ ಸಾಲನ್ನು ಎಳೆಯುವ ಹಾಗೆಯೇ ‘ಹತ್ಲೆ’ ಸಾಲನ್ನೂ ಗುಂಡಮ್ಮ ತಾನಾಗಿಯೇ ಎಳೆಯುತ್ತಿದ್ದಳು. ಅಷ್ಟಾದರೆ ಎತ್ತು ದಂಡೆಯ ಮೇಲೆ ನಿಲ್ಲುತ್ತಿದ್ದವು. ಎರಡರಿಂದ ಆರರವರೆಗೆ ಮೂರು ವಾರದಲ್ಲಿ ಮುಗಿಯಿತು. ಎತ್ತಿಗೂ ಲೆಕ್ಕ ಬಂತು ಎಂದು ಕಾಶಪ್ಪನೇ ಊರ ತುಂಬ ಹೇಳಿಕೊಂಡು ಬಂದ. ಹುಮನಾಬಾದಿಗೆ ನನಗೂ ಕಾಗದ ಬಂತು: ಮಾಮಾ, ನೀವು ಬಂದು ಪರೀಕ್ಷೆ ಮಾಡಬೇಕು.

ಪರೀಕ್ಷೆ! ಬಿ.ಎ. ಪಾಸಾದವನಿಗೆ ಇದಕ್ಕಿಂತ ಪ್ರಿಯವಾದ ಶಬ್ದ ಇದೆಯೇ?

ನಮ್ಮ ಹೈದರಾಬಾದ್ ಸಂಸ್ಥಾನದಲ್ಲಿ ಶುಕ್ರವಾರ ಕಚೇರಿಗೆ ರಜೆ. ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಿಂದ ಓಡುವ ಮೋಟಾರಿನಲ್ಲಿ ಕಲ್ಯಾಣಕ್ಕೆ ಬಂದೆ. (ಓಡುತ್ತದೆ ಎಂದದ್ದು ಮರ್ಯಾದೆಗೆ. ಎರಡು ಕಡೆ ಇಳಿದು ತಳ್ಳಿದೆವು.) ಅಲ್ಲಿಂದ ಟಾಂಗಾ. ತೋಟಕ್ಕೆ ಹೋದಾಗ ಎಂಟೂವರೆಯಾಗಿರಬೇಕು. ಬದನೆ, ಉಳ್ಳಾಗಡ್ಡಿ ಮಡಿಗಳಲ್ಲಿ ನೀರು ಹರಿಯುತ್ತಿತ್ತು. ಕಾಶಪ್ಪ ದೂರದಲ್ಲಿ ಕಾಲುವೆಗೆ ಮಣ್ಣು ಸರಿಮಾಡುತ್ತಿದ್ದ.

ಬಾವಿಯ ದಂಡೆಯ ಮೇಲೆ, ಬಾವಿಗೆ ಬೆನ್ನು ಮಾಡಿ, ಎತ್ತಿನ ಕಡೆ ಮುಖ ಮಾಡಿ ವೈಜಿನಾಥ ನಿಂತಿದ್ದ. ಅದು ಅವನ ತರಗತಿ. ಅಲ್ಲಿ ನಿಂತರೆ ಇಳಿಜಾರಿನುದ್ದಕ್ಕೂ ಹುಡುಗಿಯ ದನಿ ಕೇಳುತ್ತದಂತೆ. ನಾನೂ ಹಬೀಬನೂ ಪಕ್ಕದ ಬೇವಿನ ಕೆಳಗೆ ನಿಂತೆವು. ಗುಂಡಮ್ಮ ಸರ್ಜಾ ಎಂಬ ಬಲಗಡೆಯ ಎತ್ತಿನ ಕೊರಳ ಮೇಲೆ ಕೈಯಿಟ್ಟು ನಡೆಯುತ್ತಿದ್ದಳು. ಎಡಗಡೆಯದು ರಾಜಾ.

ಆರರ ಮಗ್ಗಿ ಹೇಳುತ್ತ ಇಳಿದಳು. ಒಂದೂ ತಪ್ಪಿಲ್ಲ. ನಾನು ಅಲ್ಲಿಗೆ ಸುಮ್ಮನಾಗಬಹುದಿತ್ತು. ಸುಮ್ಮನಾಗಲಿಲ್ಲ. ಏಳರದು ಹೇಳಿಸು ಎಂದೆ. ಅದನ್ನು ನಿನ್ನೆಯಷ್ಟೇ ಹೇಳಿಕೊಟ್ಟದ್ದು ಎಂದ ವೈಜಿನಾಥ. ನಿನ್ನೆಯದನ್ನು ಇವತ್ತು ಕೇಳದೆ ನಾಳೆ ಕೇಳುತ್ತಾರೆಯೇ ಎಂದು ನಾನು ಜೋಕು ಹೊಡೆದೆ.

ಎತ್ತು ಹಿಂದಕ್ಕೆ ನಡೆಯತೊಡಗಿದವು. ಏಳೊಂದ್ಲೆ ಏಳು. ಏಳೆರಡ್ಲೆ ಹದಿನಾಲ್ಕು. ದನಿ ಚೆನ್ನಾಗಿತ್ತು. ಏಳೇಳ್ಲೆ ನಲವತ್ತೊಂಬತ್ತು. ಎತ್ತಿನ ಹಿಂಗಾಲಿಗೂ ವೈಜಿನಾಥನಿಗೂ ಮೂರು ಹೆಜ್ಜೆಯ ಅಂತರ.

“ಏಳೆಂಟ್ಲೆ…”

ನಿಂತಿತು.

ಹುಡುಗಿ ಕಣ್ಣು ಮುಚ್ಚಿದಳು. ತುಟಿ ಅಲ್ಲಾಡುತ್ತಿತ್ತು. ಹಬೀಬ ಬಾಯಿ ತೆರೆದ. ವೈಜಿನಾಥ ಕೈಯೆತ್ತಿ ತಡೆದ. ಅವರ ಪ್ರೊಫೆಸರರೊಬ್ಬರು ಹೇಳಿಕೊಟ್ಟ ಮೆಥಡ್ ಅದು. ಮಗು ಯೋಚಿಸುವಾಗ ಉತ್ತರ ಹೇಳಬಾರದು, ಕಾಯಬೇಕು. ಎಷ್ಟು ಒಳ್ಳೆಯ ಮಾತು! ನಾನೂ ಕಾದೆ. ಐವತ್ತಾರು ನನ್ನ ನಾಲಿಗೆಯ ತುದಿಯಲ್ಲಿತ್ತು. ಪರೀಕ್ಷಕನ ಹಾಗೆ ಮುಗುಳ್ನಗುತ್ತ ಅದನ್ನು ಅಲ್ಲೇ ಇಟ್ಟುಕೊಂಡೆ.

ನಾವು ಮೂವರೂ ಹುಡುಗಿಗಾಗಿ ಕಾಯುತ್ತಿದ್ದೆವು. ಎತ್ತು ಕಾಯಲಿಲ್ಲ.

ಹಿಂದಕ್ಕೆ ನಡೆಯುವ ಎತ್ತಿಗೆ ಹಿಂದೆ ಕಣ್ಣಿಲ್ಲ. ಬೇಸಿಗೆಯಲ್ಲಿ ಬಾವಿಯ ನೀರು ದಿನಾ ಇಳಿಯುತ್ತದೆ. ಹೊಸ ಹಗ್ಗ ಸಿಗದಿದ್ದರೆ ಎತ್ತು ದಿನದಿನಕ್ಕೂ ದಂಡೆಗೆ ಇನ್ನಷ್ಟು ಹತ್ತಿರ ಬರಬೇಕು. ನಿನ್ನೆ ನಿಂತ ಜಾಗ ಇವತ್ತಿನದಲ್ಲ. ಹಾಗಾದರೆ ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಹೇಗೆ ಗೊತ್ತು? ಹಾಡಿನಿಂದ. ಕೊನೆಯ ಸಾಲನ್ನು ಎಳೆದಾಗ ನಿಲ್ಲಬೇಕು. ಎಳೆಯುವತನಕ ನಡೆಯಬೇಕು. ಚಿಕ್ಕ ಕರುವಿದ್ದಾಗಿನಿಂದ ಕಲಿತ ಪಾಠ ಅದು. ಇದೆಲ್ಲ ನನಗೆ ಈಗ ಗೊತ್ತು. ಆಗ, ಹಾಡು ಹೊತ್ತು ಕಳೆಯುವುದಕ್ಕೆ ಎಂದುಕೊಂಡಿದ್ದೆ. ಓದಿದವರು ಮೂವರು ಇದ್ದೆವು, ಮೂವರೂ ಹಾಗೆಯೇ ಅಂದುಕೊಂಡಿದ್ದೆವು.

ಒಂದು ಹೆಜ್ಜೆ. ಎರಡು.

ಮೂರನೆಯದಕ್ಕೆ ಸರ್ಜಾನ ಹಿಂಭಾಗ ವೈಜಿನಾಥನ ಎದೆಗೆ ತಾಗಿತು. ಅವನ ಕೈ ಇನ್ನೂ ಮೇಲೆಯೇ ಇತ್ತು. ಜಾಗ ಬಿಡಲೆಂದು ಅವನು ಮರ್ಯಾದೆಯಿಂದ ಒಂದು ಹೆಜ್ಜೆ ಹಿಂದೆ ಸರಿದ. ಹಿಂದೆ ನೆಲವಿರಲಿಲ್ಲ.

ಅವನು ಕೂಗಲಿಲ್ಲ. ಕೂಗಿದವರು ನಾವು. ನಾನು ಏನೆಂದು ಕೂಗಿದೆನೋ ದೇವರಿಗೇ ಗೊತ್ತು. ಆ ಕೂಗಿಗೆ ಎತ್ತು ಬೆದರಿದವು. ಬೆದರಿ ಇನ್ನೂ ಹಿಂದಕ್ಕೆ ಬಂದವು. ಸರ್ಜಾನ ಹಿಂಗಾಲೊಂದು ದಂಡೆಯ ಕಲ್ಲು ಜಾರಿ ಗಾಳಿಯಲ್ಲಿ ಆಡಿತು. ಒಂದು ಕಲ್ಲು ಕೆಳಗೆ ಹೋಯಿತು. ಅದು ನೀರಿಗೆ ಬಿದ್ದ ಸದ್ದು ಕೇಳಿಸಲು ಹೊತ್ತು ಹಿಡಿಯಿತು. ಅದು ಬಹಳ ಹೊತ್ತು. ನಿಜವಾಗಿಯೂ ಬಹಳ ಹೊತ್ತು.

ವೈಜಿನಾಥ ಬೀಳುವಾಗ ಮೊಟ್ಟಿಯ ಹಗ್ಗ ಕೈಗೆ ಸಿಕ್ಕಿತ್ತು. ದಂಡೆಯಿಂದ ಒಂದಾಳು ಕೆಳಗೆ ಜೋತುಬಿದ್ದಿದ್ದ. ಆ ಹಗ್ಗದ ಇನ್ನೊಂದು ತುದಿ ಆ ಎತ್ತುಗಳ ನೊಗದಲ್ಲಿತ್ತು. ಎತ್ತು ಬಿದ್ದರೆ ಅವನ ಮೇಲೆಯೇ ಬೀಳಬೇಕು.

ಆಗ ಹಾಡು ಕೇಳಿತು.

“ನಿಂದ್ರೋ ನನ್ನ ರಾಜಾ, ನೀರ ಮುಟ್ಯದ ನಿಂದ್ರೋ…”

ಗುಂಡಮ್ಮ ಹಾಡುತ್ತಿದ್ದಳು. ಕಿರುಚಲಿಲ್ಲ. ದನಿ ಏರಿಸಲಿಲ್ಲ. ದಿನಾ ಹೇಗೋ ಹಾಗೆಯೇ, ಕೊನೆಯ ಸಾಲನ್ನು ನಿಧಾನವಾಗಿ ಎಳೆದಳು. ಎತ್ತು ನಿಂತವು. ಒಂದು ಕಾಲು ಗಾಳಿಯಲ್ಲಿಟ್ಟುಕೊಂಡೇ ಸರ್ಜಾ ನಿಂತ. ನಾನು ಇನ್ನೂ ಏನೋ ಕೂಗುತ್ತಲೇ ಇದ್ದೆ. ಆ ಹುಡುಗಿ ನನ್ನ ಕಡೆ ತಿರುಗದೆಯೇ ಹೇಳಿದಳು:

“ವಕೀಲ್ ಸಾಹೇಬ್ರ, ಬಾಯಿ ಮುಚ್ಕೊಂಡು ನಿಂದ್ರಿ. ಎತ್ತು ಹೆದರ್ತಾವ.”

ಹದಿನೈದು ವರ್ಷದಿಂದ ಕೋರ್ಟಿನಲ್ಲಿ ಮಾತಾಡಿ ಬದುಕಿದವನು ನಾನು. ಮುನಸೀಫರೂ ನನಗೆ ಹಾಗೆ ಹೇಳಿಲ್ಲ. ಬಾಯಿ ಮುಚ್ಚಿದೆ.

ಅವಳು ಸರ್ಜಾನ ಕೊರಳಿಗೆ ಕೆನ್ನೆ ಹಚ್ಚಿದಳು. ಇಳಿಯುವ ಹಾಡಿನ ಮೊದಲ ಸಾಲು ಶುರುಮಾಡಿದಳು. ನಡಿಯೋ ನಡಿಯೋ ಸರ್ಜಾ, ನೀರ ಹೊತ್ತು ನಡಿಯೋ. ನೊಗ ಕಿರುಗುಟ್ಟಿತು. ರಾಜಾ ಮುಂಗಾಲು ಊರಿ ಬಾಗಿದ. ಸರ್ಜಾನ ಕಾಲು ಗಾಳಿಯಲ್ಲಿ ಒಂದು ಸಲ ತಡಕಾಡಿ, ಇನ್ನೊಂದು ಸಲ ತಡಕಾಡಿ, ಕಲ್ಲು ಹಿಡಿಯಿತು. ಜೋಡಿ ಮುಂದಕ್ಕೆ ನಡೆಯಿತು. ಹಗ್ಗ ಬಿಗಿಯಿತು. ಗಾಲಿ ತಿರುಗಿತು.

ಬಾವಿಯೊಳಗಿಂದ ವೈಜಿನಾಥನ ತಲೆ ಮೇಲೆ ಬಂತು. ದಿನಾ ಮೊಟ್ಟಿ ಹೇಗೆ ಬರುತ್ತದೋ ಹಾಗೆ.

ಇಲ್ಲಿ ಇನ್ನೊಂದು ಗಂಡಾಂತರವಿತ್ತು. ನಮಗೆ ಹೊಳೆದಿರಲಿಲ್ಲ, ಅವಳಿಗೆ ಹೊಳೆದಿತ್ತು. ಎತ್ತು ಇನ್ನೆರಡು ಹೆಜ್ಜೆ ನಡೆದಿದ್ದರೆ ಅವನ ಬೆರಳು ಮೇಲಿನ ಗಾಲಿಗೆ ಸಿಕ್ಕುತ್ತಿದ್ದವು. ಅವಳ ಬೆನ್ನು ಬಾವಿಗೆ. ಅವನೆಲ್ಲಿದ್ದಾನೆಂದು ಅವಳಿಗೆ ಕಾಣುತ್ತಿರಲಿಲ್ಲ. ಆದರೂ ಹಾಡಿನ ಒಂದೇ ಸಾಲು ಹೇಳಿ, ಇನ್ನೊಂದು ಅರೆಸಾಲು ಹೇಳಿ, ನಿಂದ್ರೋ ಎಂದು ಎಳೆದಳು. ವೈಜಿನಾಥನ ಸೊಂಟ ದಂಡೆಯ ಸಮಕ್ಕೆ ಬಂದು ನಿಂತಿತು. ಹಾಡಿನ ಯಾವ ಮಾತಿಗೆ ಹಗ್ಗ ಎಷ್ಟು ಮೇಲೆ ಬರುತ್ತದೆಂದು ಆ ಮಗುವಿಗೆ ಮೈಯಲ್ಲೇ ಗೊತ್ತಿತ್ತು. ಹಬೀಬನೂ ನಾನೂ ಅವನನ್ನು ಎಳೆದುಕೊಂಡೆವು.

ಅಂಗೈ ಎರಡೂ ಸುಲಿದುಹೋಗಿದ್ದವು. ಕನ್ನಡಕ ಬಾವಿಯ ಪಾಲು. ಜೀವ ನಮ್ಮ ಪಾಲು.

ಕಾಶಪ್ಪ ಕುಂಟುತ್ತ ಓಡಿ ಬಂದ. ಮೊದಲು ಮೊಮ್ಮಗಳ ತಲೆ ಮುಟ್ಟಿದ. ಆಮೇಲೆ ಸರ್ಜಾನ ಹಿಂಗಾಲನ್ನು ಮೇಲಿಂದ ಕೆಳಗೆ ತಡವಿದ. ಆಮೇಲೆ ನಮ್ಮ ಕಡೆ ನೋಡಿದ. ಬೈಯುತ್ತಾನೆಂದು ಕಾದೆವು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಮಗ್ಗಿ ಹೇಳ್ತಾಳ ಅಂತ ನಾನೂ ಹಿಗ್ಗಿದೆನ್ರಿ,” ಎಂದ. “ನಂದೂ ತಪ್ಪದ. ಖರೆ ನೀವು ಕಲ್ತವರು ಒಂದ್ ಮಾತ ಕೇಳ್ಬೇಕಿತ್ತಲ್ಲ, ಈ ಹಾಡ ಯಾತರ ಸಲುವಾಗಿ ಅಂತ.”

ಸಾಲೆ ಇಲ್ಲಿಗೆ ಸಾಕು ಎಂದ. ನೀರು ನಿಂತಿತ್ತಲ್ಲ. ಕರಾರು ಕರಾರೇ. ವಕೀಲನಾದ ನಾನು ಏನು ವಾದ ಮಾಡಲಿ?

ಗುಂಡಮ್ಮ ಆಗ ಅತ್ತಳು. ಅಲ್ಲಿಯವರೆಗೆ ಒಂದು ಹನಿಯಿಲ್ಲ. ಆ ಡಬ್ಬಿಯಲ್ಲಿರುವ ಕಾರ್ಡಿಗಾಗಿ ಅತ್ತಳೆಂದು ನನಗೆ ಗೊತ್ತಾಯಿತು. ನಾನು ಓದಿ ಹೇಳಲೇನಮ್ಮ ಎಂದೆ. ಬ್ಯಾಡ್ರಿ ಎಂದಳು. ಹಬೀಬ ಒಂದು ರೊಟ್ಟಿ ತುಂಡು ಕೈಗಿಟ್ಟ. ಅದನ್ನು ಹಿಡಿಯಲು ಅವಳಿಗಾಗಲಿಲ್ಲ. ಕೈ ಅಷ್ಟು ನಡುಗುತ್ತಿತ್ತು. ನೋಡುತ್ತ ನಿಂತೆ. ಇಷ್ಟು ನಡುಕವನ್ನು ಈ ಮಗು ಅಷ್ಟು ಹೊತ್ತು ಎಲ್ಲಿ ಅಡಗಿಸಿಟ್ಟಿತ್ತು? ಅದರ ಒಂದು ಎಳೆ ದನಿಗೆ ಹತ್ತಿದ್ದರೂ ಎತ್ತು ನಿಲ್ಲುತ್ತಿರಲಿಲ್ಲ.

ನನಗೆ ದೊಡ್ಡ ದೊಡ್ಡ ಭಾಷಣ ಕೇಳಿ ಅಭ್ಯಾಸ. ಧೈರ್ಯ ಎಂಬ ಶಬ್ದವನ್ನು ಎಷ್ಟೋ ಸಲ ಬಳಸಿದ್ದೇನೆ. ಅದು ಇಷ್ಟು ಮೆಲ್ಲಗಿನ ದನಿಯಲ್ಲಿರುತ್ತದೆಂದು ಗೊತ್ತಿರಲಿಲ್ಲ.

ಹುಮನಾಬಾದಿಗೆ ಬಂದೆ. ಕೆಲಸ ಮಾಡುತ್ತಿದ್ದೇನೆ. ಆದರೆ ಕೋರ್ಟಿನಲ್ಲಿ ಸಾಕ್ಷಿದಾರ ಉತ್ತರ ಹೇಳದೆ ಒಂದು ಗಳಿಗೆ ತಡೆದರೆ, ನನ್ನ ಕಣ್ಣು ಅವನ ಕಾಲ ಹಿಂದೆ ನೆಲವಿದೆಯೇ ಎಂದು ನೋಡುತ್ತದೆ. ಮೊನ್ನೆ ಗುಮಾಸ್ತ ಕುರ್ಚಿ ಹಿಂದೆ ಸರಿಸಿದ. ನಾನು ಎದ್ದು ಅವನ ತೋಳು ಹಿಡಿದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ಅಕ್ಕನಿಗೆ ಇನ್ನೂ ಹೇಳಿಲ್ಲ. (ಅಕ್ಕಾ, ನೀನು ಪತ್ರಿಕೆ ಓದುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.)

ಇನ್ನು ವೈಜಿನಾಥ. ಅಕ್ಕನ ಊರಿಗೆ ಹೊರಡು ಎಂದೆ. ಹೊರಡಲಿಲ್ಲ. ಮೂರನೆಯ ದಿನ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು, ಹಬೀಬನ ಸೈಕಲ್ಲಿನ ಹಿಂದೆ ಕೂತು ತೋಟಕ್ಕೆ ಹೋಗಿದ್ದಾನೆ. ಕಾಶಪ್ಪನ ಮುಂದೆ ನಿಂತು, ಕಲಿಸುವುದಕ್ಕಲ್ಲ, ಕಲಿಯುವುದಕ್ಕೆ ಬಂದಿದ್ದೇನೆ ಎಂದಿದ್ದಾನೆ. ಮೊಟ್ಟಿಯ ಹಾಡು ಕಲಿಸಿರಿ.

ಮುದುಕ ಮೊದಲು ಅವನ ಕೈಯ ಬಟ್ಟೆ ಬಿಚ್ಚಿ ನೋಡಿದನಂತೆ. ಆಮೇಲೆ ಮೊಮ್ಮಗಳ ಕಡೆ ಕೈ ತೋರಿಸಿದನಂತೆ: “ಮಾಸ್ತರ್ ಆಕಿ. ಆಕಿನ್ನ ಕೇಳು, ತಮ್ಮಾ.”

ಹೋದ ಶುಕ್ರವಾರ ನಾನು ಮತ್ತೆ ಹೋದೆ. ಹೋದವನೇ ಮೊದಲು ಬಾವಿಯ ಕಡೆ ನೋಡಿದೆ. ದಂಡೆಯ ಮುಂದೆ ಈಗ ಒಂದು ಬೇವಿನ ದಿಮ್ಮಿ ಅಡ್ಡ ಬಿದ್ದಿದೆ. ವೈಜಿನಾಥ ಎತ್ತಿನ ಪಕ್ಕದಲ್ಲಿ ನಡೆಯುತ್ತ ಹಾಡುತ್ತಿದ್ದ. ಇಂಟರ್ ಓದುವ ಹುಡುಗನ ಗಂಟಲು. ಎತ್ತುಗಳು ಅವನ ‘ನಿಂದ್ರೋ’ಗೆ ಕಿವಿಯನ್ನೂ ಆಡಿಸಲಿಲ್ಲ. ಗುಂಡಮ್ಮ ಹಾಡಿ ನಿಲ್ಲಿಸಬೇಕಾಯಿತು. ಫೇಲ್ ಎಂದಳು. ಮತ್ತೆ ನಡೆಸಿದಳು. ನಾಲ್ಕನೆಯ ಸಲಕ್ಕೆ ರಾಜಾ ನಿಂತ, ಸರ್ಜಾ ನಿಲ್ಲಲಿಲ್ಲ. ಅರ್ಧ ಪಾಸು ಎಂದಳು.

ಹೊಸ ಟೈಮ್ ಟೇಬಲ್ ಅವಳದೇ. ಎತ್ತು ನಡೆಯುವಾಗ ಹಾಡು ಮಾತ್ರ. ಎತ್ತಿಗೆ ನೀರು ಕುಡಿಸಿ ನೆರಳಿಗೆ ಕಟ್ಟಿದ ಮೇಲೆ ಓದು. ಹಾಗಾದರೆ ನೀರೂ ನಿಲ್ಲುವುದಿಲ್ಲ. ಮೇವು ಈಗ ಹಬೀಬ ತರುತ್ತಾನೆ. ಕಾಶಪ್ಪ ಒಪ್ಪಿದ್ದಾನೆ.

ಅವತ್ತು ಎತ್ತು ಕಟ್ಟಿದ ಮೇಲೆ ಡಬ್ಬಿ ಬಂತು. ಕಾರ್ಡು ಹೊರಗೆ ಬಂತು. ಬೇವಿನ ಕೆಳಗೆ ಕೂತು ಬೆರಳಿಟ್ಟು ಓದತೊಡಗಿದಳು. ಮಗಳು ಗುಂಡಮ್ಮಳಿಗೆ… ತಂದೆಯ… ಆಶೀರ್ವಾದ. ಇಷ್ಟಕ್ಕೆ ಮುಖದ ಮೇಲೆ ಬೆವರು. ಕಾಶಪ್ಪ ತಲೆಯ ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದ. ಇಲ್ಲಿ ಎಲ್ಲರೂ… ಎಂದು ಮುಂದೆ ಹೋದಳು. ಅದರ ಮುಂದಿನದು ‘ಕ್ಷೇಮ’. ಅವಳು ಇನ್ನೂ ಕಲಿಯದ ಒತ್ತಕ್ಷರ. ಬೆರಳು ನಿಂತಿತು.

“ಕ್ಷೇಮ!” ಎಂದೆವು ನಾವು ಮೂವರೂ ಒಟ್ಟಿಗೆ. ಅಷ್ಟು ಜೋರಾಗಿ ಎಂದೆವೆಂದರೆ ಕಟ್ಟಿದ ಎತ್ತುಗಳು ತಲೆಯೆತ್ತಿ ನೋಡಿದವು.

ಗುಂಡಮ್ಮನಿಗೆ ಸಿಟ್ಟು ಬಂತು. ಕಾರ್ಡನ್ನು ಎದೆಗೆ ಒತ್ತಿಕೊಂಡಳು. ನಾ ಓದಾಕತ್ತೇನಲ್ರಿ, ಸುಮ್ನಿರ್ರಿ ಎಂದು ಮಾಸ್ತರರಿಬ್ಬರನ್ನೂ ಗದರಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟು ಹೋಗಿತ್ತು. ನಿಜವಾಗಿಯೂ ತಿಳಿಯದವಳ ಹಾಗೆ ಕೇಳಿದಳು:

“ವಕೀಲ್ ಸಾಹೇಬ್ರ, ಅವತ್ತೂ ನಿಮಗ ಗೊತ್ತಿತ್ತಲ್ರಿ. ಮತ್ತ ಯಾಕ ಹೇಳಲಿಲ್ರಿ?”